ಪಕ್ಕಾ ಸೇರಿನೊಳಗಿನ ನವಧಾನ್ಯ: ಹಳೆ ಮೈಸೂರಿನ ಅಡುಗೆ ಅಳತೆಯಲ್ಲಿ ತೂಕ ಮತ್ತು ಗಾತ್ರ

ಹಳೆಯ ಅಡುಗೆ ಬರಹಗಳನ್ನು ಇಂದಿನ ಅಳತೆಗೆ ತರುವವರು ಸಾಮಾನ್ಯವಾಗಿ ಒಂದು ಸೇರಿಗೆ 933 ಗ್ರಾಂ ಎಂದು ಹಿಡಿಯುತ್ತಾರೆ. ಇದು 80 ತೊಲದ ಸೇರು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 180 ಗ್ರೇನ್ ತೂಕದ ತೊಲವನ್ನು ಆಧಾರವಾಗಿಟ್ಟು ಗೊತ್ತುಮಾಡಿದ್ದು. ಮೈಸೂರು ಸೀಮೆಯ ಅಡುಗೆಗೆ ಈ ಲೆಕ್ಕ ಒಗ್ಗುವುದಿಲ್ಲ ಎಂಬುದು ಈ ಲೇಖನದ ವಾದ.

ಮೈಸೂರಿನಲ್ಲಿ ಸೇರು ಎರಡು ಬಗೆಯದು. ತಕ್ಕಡಿಯ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಇಂಥ 40 ಸೇರಿಗೆ ಒಂದು ಮಣ. ಪಕ್ಕಾ ಸೇರು ತೂಕವಲ್ಲ, ಪಾತ್ರೆ. ಅದನ್ನು ಗೊತ್ತುಮಾಡುತ್ತಿದ್ದ ಕ್ರಮವನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ: ನವಧಾನ್ಯಗಳನ್ನು ಸಮಪಾಲಿನಲ್ಲಿ ಬೆರೆಸಿ, ಆ ಮಿಶ್ರಣದ 84 ತೊಲವನ್ನು ತುಂಬಿದಾಗ ಬಾಯಿಯ ಮೇಲೆ ರಾಶಿ ಏಳುವಷ್ಟು ಹಿಡಿಯುವ ಪಾತ್ರೆಯೇ ಒಂದು ಸೇರು. 84 ತೊಲ ಎಂದರೆ ಸುಮಾರು 980 ಗ್ರಾಂ.

ಈ ವಿಧಾನದ ಜಾಣತನವನ್ನು ನಾವು ಸಾಕಷ್ಟು ಗಮನಿಸಿಲ್ಲ. ಬರೀ ಅಕ್ಕಿ ತೂಗಿ ಸೇರು ಮಾಡಿದ್ದರೆ ಅದು ಅಕ್ಕಿಯ ಸೇರಾಗುತ್ತಿತ್ತು. ಹಗುರಾದ ಧಾನ್ಯ ಮಾರುವವನಿಗೂ ಕೊಳ್ಳುವವನಿಗೂ ತಕರಾರು ತಪ್ಪುತ್ತಿರಲಿಲ್ಲ. ಒಂಬತ್ತನ್ನೂ ಬೆರೆಸಿದ್ದರಿಂದ ಪಾತ್ರೆಯೊಳಗೆ ಒಂದು ಸರಾಸರಿ ಸಾಂದ್ರತೆ ಕೂತಿತು. ತೂಕದಿಂದ ಗಾತ್ರಕ್ಕೆ ಪರಿವರ್ತನೆ ಅಲ್ಲಿ ಒಮ್ಮೆ, ಪಾತ್ರೆ ಮಾಡುವಾಗಲೇ, ಮುಗಿದುಹೋಗುತ್ತಿತ್ತು. ಆದರೆ ಸರಾಸರಿಯಾದ್ದರಿಂದಲೇ ಅದು ಯಾವೊಂದು ಧಾನ್ಯಕ್ಕೂ ಕರಾರುವಾಕ್ಕಾಗಿ ಹೊಂದಬೇಕೆಂದಿಲ್ಲ. ರಾಶಿಯದು ಇನ್ನೊಂದು ತೊಡಕು: ಪಾತ್ರೆಯ ಬಾಯಿ ಅಗಲವಾದಷ್ಟೂ ರಾಶಿ ದೊಡ್ಡದು, ನುಣುಪಾದ ಕಾಳು ಜಾರುತ್ತದೆ, ಅವಲಕ್ಕಿ ಗುಡ್ಡೆಯಾಗಿ ನಿಲ್ಲುತ್ತದೆ. ಕಣದಲ್ಲಿ ‘ಲಾಭ’ ಎಂದು ಮೊದಲ ಕೊಳಗ ಎಣಿಸುವ ರೈತನಿಗೆ ರಾಶಿ ಬಿಟ್ಟು ಅಳೆಯುವುದಕ್ಕೂ ಬಾಯಿ ಸವರಿ ಅಳೆಯುವುದಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು.

ಅಡುಗೆಮನೆಗೆ ಬಂದದ್ದು ಈ ಪಾತ್ರೆಯ ಮಕ್ಕಳುಮರಿ: ಎರಡು ಪಾವಿನ ಅಚ್ಚೇರು, ಸೇರಿನ ಕಾಲುಭಾಗ ಪಾವು, ಪಾವಿನ ಕಾಲುಭಾಗ ಚಟಾಕು. ಅಕ್ಕಿ, ಬೇಳೆ, ರವೆ ಪಾವಿನಲ್ಲಿ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ತಕ್ಕಡಿಯಲ್ಲಿ. ಹಾಗಾಗಿ ಹುಗ್ಗಿಗೆ ಒಂದು ಸೇರು ಅಕ್ಕಿ, ಒಂದು ಸೇರು ಬೆಲ್ಲ ಎಂದು ಬರೆದಿದ್ದರೆ ಅದನ್ನು ಸಮಪಾಲೆಂದು ಓದುವಂತಿಲ್ಲ. ಆ ಬೆಲ್ಲದ ಸೇರು ಕಚ್ಚಾ ಆಗಿದ್ದು 933 ಗ್ರಾಂ ಹಾಕಿದರೆ ಸಿಹಿ ಮೂರು ಪಟ್ಟು ಮೀರುತ್ತದೆ.

1956ರ ತೂಕ ಮತ್ತು ಅಳತೆಗಳ ಕಾಯ್ದೆಯಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂತು. ಇದರ ಪರಿಣಾಮವನ್ನು ಮಾರುಕಟ್ಟೆಯ ದೃಷ್ಟಿಯಿಂದಷ್ಟೇ ನೋಡುವುದು ರೂಢಿ. ಅಡುಗೆಮನೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅಲ್ಲಿಯವರೆಗೆ ಅಂಗಡಿಯೂ ಮನೆಯೂ ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಅಳೆಯುತ್ತಿದ್ದವು. ಈಗ ಅಂಗಡಿಯ ಅಕ್ಕಿ ಕಿಲೋಗೆ ಹೋಯಿತು, ಮನೆಯ ಅಕ್ಕಿ ಪಾವಿನಲ್ಲೇ ಉಳಿಯಿತು. ಪಾತ್ರೆ ಮಾಡುವಾಗ ಮುಗಿಯುತ್ತಿದ್ದ ಪರಿವರ್ತನೆ ತಿಂಗಳ ಸಾಮಾನಿನ ಪಟ್ಟಿ ಬರೆಯುವವರ ತಲೆಗೆ ಬಿತ್ತು.

ಆಮೇಲೆ ಬಂದದ್ದು ಕಪ್ಪು. ಬಾಯಿಗೆ ಸಮವಾಗಿ ಸವರಿದ ಕಪ್ಪಿನ ಅಳತೆಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ್ದು ಫ್ಯಾನಿ ಫಾರ್ಮರ್ ಅವರ 1896ರ ಬಾಸ್ಟನ್ ಪಾಕಪುಸ್ತಕ. ಆ ಕಪ್ಪು ಸುಮಾರು 240 ಮಿ.ಲೀ.; ಅದರಲ್ಲಿ ಸಕ್ಕರೆ 200 ಗ್ರಾಂ ಹಿಡಿದರೆ ಮೈದಾ 125ರ ಆಸುಪಾಸು. ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಬರುವ ಕಪ್ಪು ಸಾಮಾನ್ಯವಾಗಿ 180 ಮಿ.ಲೀ., ಜಪಾನಿನ ‘ಗೋ’ ಎಂಬ ಹಳೆಯ ಅಳತೆ. ಅನ್ನಕ್ಕೆ ಯಾವ ಕಪ್ಪಾದರೂ ನಡೆಯುತ್ತದೆ, ನೀರನ್ನೂ ಅದರಲ್ಲೇ ಅಳೆದರಾಯಿತು. ಹಿಟ್ಟು ಕಪ್ಪಿನಲ್ಲೂ ಬೆಣ್ಣೆ ಗ್ರಾಮಿನಲ್ಲೂ ಇರುವ ಬಿಸ್ಕತ್ತಿಗೆ ಕುಕ್ಕರಿನ ಕಪ್ಪು ಹಿಡಿದರೆ ಮಾತ್ರ ಹಿಟ್ಟು ಕಾಲುಭಾಗ ಕಡಿಮೆ ಬೀಳುತ್ತದೆ.