ಅನ್ನನಾಳದ ಎರಡು ತುದಿ: ಸೇರಿಸೋದಾ, ಬದಲಿಸೋದಾ, ಕಾಯೋದಾ?

1/5
ನಾಲೆ ನಡುವೆ ಮುಚ್ಚಿಹೋದ್ರೆ ಏನಾಗುತ್ತೆ ಅಂತ ಮಲೆಬೆನ್ನೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ನೀರು ಉಕ್ಕಿ ಪಕ್ಕಕ್ಕೆ ನುಗ್ಗುತ್ತೆ, ಕೊನೆಭಾಗದ ಗದ್ದೆ ಒಣಗುತ್ತೆ. ಸುಮಾರು 2,500ರಿಂದ 4,500 ಮಕ್ಕಳಲ್ಲಿ ಒಂದು ಮಗು ಇಂಥದ್ದೇ ತೊಂದರೆ ಇಟ್ಕೊಂಡು ಹುಟ್ಟುತ್ತೆ. ಬಾಯಿಂದ ಹೊಟ್ಟೆಗೆ ಹೋಗೋ ಅನ್ನನಾಳ ನಡುವೆ ಕಡಿದಿರುತ್ತೆ. ಹಾಲು ಹೊಟ್ಟೆ ಸೇರಲ್ಲ. ಜೊಲ್ಲು ಉಕ್ಕಿ ಶ್ವಾಸಕೋಶಕ್ಕೆ ಇಳಿಯುತ್ತೆ.

2/5
1697ರಲ್ಲೇ ಲಂಡನ್ನಿನ ವೈದ್ಯ ಥಾಮಸ್ ಗಿಬ್ಸನ್ ಇಂಥ ಒಂದು ಮಗುವಿನ ಬಗ್ಗೆ ಬರೆದಿಟ್ಟಿದ್ದ. ಹಸಿವು ಇತ್ತು, ನುಂಗೋಕೆ ಮಾತ್ರ ಆಗ್ತಿರಲಿಲ್ಲ. ಆಮೇಲೂ ಎರಡು ಶತಮಾನಕ್ಕಿಂತ ಹೆಚ್ಚು ಕಾಲ ವೈದ್ಯರ ಕೈಲಿ ಹೆಚ್ಚೇನೂ ಇರಲಿಲ್ಲ. 1939ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಲೋಗನ್ ಲೆವೆನ್, ಬಾಸ್ಟನ್‌ನಲ್ಲಿ ವಿಲಿಯಂ ಲ್ಯಾಡ್, ಇಬ್ಬರೂ ಬೇರೆಬೇರೆಯಾಗಿ ಹಂತಹಂತದ ಆಪರೇಷನ್ ಮಾಡಿ ಮಕ್ಕಳನ್ನ ಉಳಿಸಿದರು. ಎದೆಯ ಚರ್ಮದಿಂದಲೇ ಹೊಸ ಕೊಳವೆ ಕಟ್ಟಿದ್ದರು! 1941ರಲ್ಲಿ ಕ್ಯಾಮರಾನ್ ಹೈಟ್ ಒಂದೇ ಆಪರೇಷನ್‌ನಲ್ಲಿ ಎರಡು ತುದಿ ಸೇರಿಸಿ ಹೊಲಿದರು.

3/5
ಆದ್ರೆ ತುದಿಗಳು ದೂರ ಇದ್ರೆ? ಸುಮಾರು 3 ಸೆಂಟಿಮೀಟರ್ ಅಂತರ ಅಂದ್ರೆ ನಮಗೆ ಎರಡು ಬೆರಳಗಲ. ನವಜಾತ ಶಿಶುವಿನ ಎದೆಯೊಳಗೆ ಅದು ಬಹಳ ದೂರ. ಬಲವಂತವಾಗಿ ಎಳೆದು ಹೊಲಿದರೆ ಹೊಲಿಗೆ ಬಿಟ್ಟು ಸೋರುತ್ತೆ. ಹಾಗಾಗಿ ಕೆಲವರು ಬದಲಿ ಹುಡುಕಿದರು. ಲಂಡನ್‌ನಲ್ಲಿ ಡೇವಿಡ್ ವಾಟರ್‌ಸ್ಟನ್ ದೊಡ್ಡ ಕರುಳಿನ ತುಂಡನ್ನ ಬಳಸಿದರು. 1980ರ ದಶಕದಿಂದ ಲೂಯಿಸ್ ಸ್ಪಿಟ್ಜ್ ಜಠರವನ್ನೇ ಎದೆಗೆ ಎತ್ತಿ ಕೂರಿಸಿದರು. ದೆಹಲಿಯ ಏಮ್ಸ್‌ನಲ್ಲಿ ಡಿ.ಕೆ. ಗುಪ್ತಾ ತಂಡ ನವಜಾತ ಶಿಶುಗಳಿಗೇ ಇದನ್ನ ಮಾಡಿತು.

4/5
ಇನ್ನು ಕೆಲವರು ಹೇಳಿದ್ದು: ಮಗುವಿನ ಸ್ವಂತ ಅನ್ನನಾಳಕ್ಕೆ ಸಮ ಯಾವುದೂ ಇಲ್ಲ, ಕಾಯೋಣ. ಎರಡು-ಮೂರು ತಿಂಗಳಲ್ಲಿ ತುದಿಗಳು ತಾವಾಗೇ ಸ್ವಲ್ಪ ಬೆಳೆಯುತ್ತವೆ. 1997ರಲ್ಲಿ ಅದೇ ಮಿನ್ನೆಸೋಟದ ಜಾನ್ ಫೋಕರ್ ಇನ್ನೂ ಮುಂದೆ ಹೋದರು. ತುದಿಗಳಿಗೆ ದಾರ ಹಾಕಿ, ಮೈಯಿಂದ ಹೊರಗೆ ತಂದು, ದಿನದಿನಕ್ಕೆ ಸ್ವಲ್ಪಸ್ವಲ್ಪ ಬಿಗಿ ಮಾಡೋದು. ಎಳೆತಕ್ಕೆ ಅನ್ನನಾಳ ಬೆಳೆಯುತ್ತೆ!

ಆದ್ರೆ ಕಾಯೋದು ಪುಕ್ಕಟೆ ಅಲ್ಲ. ಅಷ್ಟು ದಿನ ಆಸ್ಪತ್ರೆಯಲ್ಲೇ ಇದ್ದು, ಹಗಲು ರಾತ್ರಿ ಜೊಲ್ಲು ಹೀರಿ ತೆಗೀತಾ ಇರಬೇಕು. ಕೂಲಿ ಬಿಟ್ಟು ಅಪ್ಪ-ಅಮ್ಮ ಎಷ್ಟು ತಿಂಗಳು ಕೂರೋಕಾಗುತ್ತೆ? ಅದಕ್ಕೇ ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳಿಗೆ ಮೊದಲು ಕುತ್ತಿಗೆಯಲ್ಲಿ ಜೊಲ್ಲು ಹೊರಬರೋಕೆ ದಾರಿ ಮಾಡಿ, ಹೊಟ್ಟೆಗೆ ಟ್ಯೂಬ್ ಹಾಕಿ ಮನೆಗೆ ಕಳಿಸ್ತಾರೆ. ಹಾಲು ಹೋಗೋದು ಟ್ಯೂಬಿನಲ್ಲಿ. ಆದ್ರೂ ಅಮ್ಮ ಅದೇ ಹೊತ್ತಿಗೆ ಬಾಯಿಗೂ ಸ್ವಲ್ಪ ಹಾಕ್ತಾಳೆ. ಅದು ಕುತ್ತಿಗೆಯಿಂದ ಹೊರಗೆ ಬರುತ್ತೆ. ವ್ಯರ್ಥ ಅಲ್ಲ ಅದು. ಮಗು ನುಂಗೋದನ್ನ ಮರೀಬಾರದು ಅಂತ.

5/5
ನಮ್ಮ ಮನೆಗಳಲ್ಲಿ ನೆನಪಿಡಬೇಕಾದ್ದು ಇಷ್ಟು. ಹುಟ್ಟಿದ ಮಗುವಿನ ಬಾಯಲ್ಲಿ ಪದೇಪದೇ ನೊರೆ ಬಂದ್ರೆ, ಹಾಲು ಕೊಟ್ಟಾಗ ಕೆಮ್ಮಿ ನೀಲಿಗಟ್ಟಿದ್ರೆ ಮತ್ತೆ ಕುಡಿಸಬೇಡಿ. ಜೇನುತುಪ್ಪ, ಸಕ್ಕರೆ ನೀರು ಬೇಡವೇ ಬೇಡ. ತಕ್ಷಣ ಡಾಕ್ಟರ್‌ಗೆ ಹೇಳಿ. ಬಾಯಿಂದ ಒಂದು ಮೆತ್ತನೆ ಟ್ಯೂಬ್ ಇಳಿಸಿದ್ರೆ ಅದು ಅರ್ಧದಲ್ಲೇ ನಿಲ್ಲುತ್ತೆ, ಎಕ್ಸ್‌ರೇಯಲ್ಲಿ ಗೊತ್ತಾಗುತ್ತೆ. ಆಮೇಲೆ ಮಕ್ಕಳ ಸರ್ಜನ್ ಇರೋ ಆಸ್ಪತ್ರೆಗೆ ಹೊರಡಬೇಕು.

ಸೇವ್ ಮಾಡ್ಕೊಳ್ಳಿ. ಮನೇಲಿ ಬಸುರಿ, ಬಾಣಂತಿ ಇದ್ರೆ ಅವರಿಗಷ್ಟೇ ಅಲ್ಲ, ಅಜ್ಜಿಗೂ ಓದಿ ಹೇಳಿ.

#ಆಪರೇಷನ್_ಚರಿತ್ರೆ #ಮಲೆಬೆನ್ನೂರು #ದಾವಣಗೆರೆ