ಅರವತ್ತು ವರ್ಷದ ಕಾಯುವಿಕೆ: ಕನ್ನಡ ಪುಸ್ತಕ ಎಲ್ಲರದಾಗುವುದು ಯಾವಾಗ?

2025ರ ಜನವರಿ 1ರಂದು ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಎಲ್ಲರ ಸ್ವತ್ತಾಯಿತು. ಅದೇ ದಿನ ಫ.ಗು. ಹಳಕಟ್ಟಿಯವರ ಬರಹಗಳೂ ಜವಾಹರಲಾಲ್ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಕೂಡ ಕಾಪಿರೈಟಿನ ಬೇಲಿ ದಾಟಿದವು. ಇದಕ್ಕೆ ಸರ್ಕಾರದ ಆದೇಶವಾಗಲಿ ಯಾರದೇ ಸಹಿಯಾಗಲಿ ಬೇಕಿರಲಿಲ್ಲ. ಕ್ಯಾಲೆಂಡರ್ ಬದಲಾದರೆ ಸಾಕಿತ್ತು. ಮೂವರೂ ತೀರಿಕೊಂಡದ್ದು 1964ರಲ್ಲಿ. ಲೇಖಕ ತೀರಿಕೊಂಡ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಎಣಿಸು ಎನ್ನುತ್ತದೆ ಭಾರತದ ಕಾಯ್ದೆ. ಅಲ್ಲಿಯವರೆಗೆ ಪುಸ್ತಕ ಅವರ ವಾರಸುದಾರರದು ಅಥವಾ ಹಕ್ಕು ಕೊಂಡವರದು. ಆಮೇಲೆ ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಸ್ಕ್ಯಾನ್ ಮಾಡಬಹುದು, ಅಂತರ್ಜಾಲಕ್ಕೆ ಏರಿಸಬಹುದು, ಬೇರೆ ಭಾಷೆಗೆ ತರಬಹುದು.

ಈ ಲೆಕ್ಕ ಕೇಳುವುದಕ್ಕೆ ಸರಳ. ಆದರೆ ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಎಪ್ಪತ್ತು ವರ್ಷ ಹಿಂದಿನ ಒಂದು ಕನ್ನಡ ಕಾದಂಬರಿ ಹುಡುಕುವವರಿಗೆ ಅದು ಅಷ್ಟು ಸರಳವಾಗಿ ಒದಗುವುದಿಲ್ಲ. ಪುಸ್ತಕ ಅಂಗಡಿಯಲ್ಲಿಲ್ಲ, ಹತ್ತಿರದಲ್ಲಿ ಕನ್ನಡ ಗ್ರಂಥಾಲಯವಿಲ್ಲ, ಸ್ಕ್ಯಾನ್ ಪ್ರತಿಯೊಂದು ಎಲ್ಲೋ ಇದೆ, ಅದು ಕಾನೂನಿನ ಯಾವ ಬದಿಗಿದೆಯೋ ಗೊತ್ತಿಲ್ಲ. ಈ ಗೊಂದಲದ ಹಿಂದೆ ಸುಮಾರು ನೂರ ಎಂಬತ್ತು ವರ್ಷಗಳ ಇತಿಹಾಸವಿದೆ.

ಕಂಪನಿ ಕಾಲದ ಕಾಯ್ದೆ

ಬ್ರಿಟನ್ನಿನಲ್ಲಿ 1710ರ ‘ಸ್ಟ್ಯಾಚ್ಯೂಟ್ ಆಫ್ ಆನ್’ ಲೇಖಕರಿಗೆ ಹದಿನಾಲ್ಕು ವರ್ಷಗಳ ಹಕ್ಕು ಕೊಟ್ಟಿತ್ತು. ಲೇಖಕ ಬದುಕಿದ್ದರೆ ಇನ್ನೂ ಹದಿನಾಲ್ಕು ವರ್ಷ. ಭಾರತಕ್ಕೆ ಇಂಥ ಕಾಯ್ದೆ ಬಂದದ್ದು 1847ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ. ಲೇಖಕನ ಆಯುಷ್ಯ ಮತ್ತು ಅದರ ಮೇಲೆ ಏಳು ವರ್ಷ, ಇಲ್ಲವೇ ಪ್ರಕಟವಾದಂದಿನಿಂದ ನಲವತ್ತೆರಡು ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಹಕ್ಕು ಉಳಿಯುತ್ತಿತ್ತು. ಅನುವಾದದ ಬಗ್ಗೆ ಆ ಕಾಯ್ದೆ ಸ್ಪಷ್ಟವಾಗಿ ಏನೂ ಹೇಳಲಿಲ್ಲ.

ಆಧುನಿಕ ಕನ್ನಡ ಕಾದಂಬರಿಯ ಬಾಲ್ಯ ಕಳೆದದ್ದು ಈ ಮೌನದ ನೆರಳಿನಲ್ಲಿ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರನ್ನು ಕನ್ನಡಿಸಿದರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿದ್ದೇ ಇಂಥ ಅನುವಾದಗಳಿಂದ.

ಬ್ರಿಟನ್ನಿನ 1911ರ ಕಾಯ್ದೆಯನ್ನು ಕೆಲವು ಬದಲಾವಣೆಗಳೊಂದಿಗೆ 1914ರಲ್ಲಿ ಇಲ್ಲಿಗೆ ಅನ್ವಯಿಸಿದಾಗ ಹಕ್ಕಿನ ಅವಧಿ ಲೇಖಕರ ಮರಣಾನಂತರ ಐವತ್ತು ವರ್ಷಕ್ಕೆ ಏರಿತು. ಅದರಲ್ಲೊಂದು ವಿಶೇಷ ವಿನಾಯಿತಿ ಇತ್ತು. ಭಾರತದಲ್ಲಿ ಮೊದಲು ಪ್ರಕಟವಾದ ಪುಸ್ತಕವನ್ನು ಅನುವಾದಿಸುವ ಹಕ್ಕು ಲೇಖಕನಿಗೆ ಹತ್ತು ವರ್ಷ ಮಾತ್ರ. ಅಷ್ಟರೊಳಗೆ ಒಂದು ಭಾಷೆಗೆ ಅವನು ಅನುವಾದ ಮಾಡಿಸದಿದ್ದರೆ ಆ ಭಾಷೆಯವರು ಕೇಳದೆಯೇ ಅನುವಾದಿಸಬಹುದಿತ್ತು. ಹಲವು ಭಾಷೆಗಳ ದೇಶಕ್ಕೆ ಲಂಡನ್ನಿನ ಅಳತೆಯ ಅಂಗಿ ಸರಿಹೊಂದದು ಎಂಬ ತಿಳಿವಳಿಕೆ ಆಳುವವರಿಗೂ ಇದ್ದಂತೆ ಕಾಣುತ್ತದೆ. ಇಂದಿನ ಕಾಯ್ದೆಯಲ್ಲಿ ಆ ಸಲೀಸು ಇಲ್ಲ. ಪ್ರಕಟವಾಗಿ ಏಳು ವರ್ಷವಾದ ಮೇಲೂ ಒಂದು ಭಾಷೆಗೆ ಅನುವಾದ ಬಾರದಿದ್ದರೆ ಪರವಾನಗಿಗೆ ಅರ್ಜಿ ಹಾಕಬಹುದು, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ಸ್ವಂತ ಕಾಯ್ದೆಯ ಮಾತು ಬಂತು. 1955ರ ಮಸೂದೆ ಐವತ್ತು ವರ್ಷದ ಅವಧಿಯನ್ನು ಇಪ್ಪತ್ತೈದಕ್ಕೆ ಇಳಿಸಲು ಹೊರಟಿತ್ತು. ಸಂಸತ್ತಿನ ಜಂಟಿ ಸಮಿತಿ ಅದನ್ನು ಒಪ್ಪದೆ ಮತ್ತೆ ಐವತ್ತಕ್ಕೇ ತಂದಿತು. ಹಾಗೆ ರೂಪುಗೊಂಡ 1957ರ ಕಾಯ್ದೆ 1958ರ ಜನವರಿಯಲ್ಲಿ ಜಾರಿಗೆ ಬಂತು. ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿರುವುದು ಅದೇ.

ಒಬ್ಬ ಕವಿಗಾಗಿ ಹತ್ತು ವರ್ಷ

ಐವತ್ತು ಅರವತ್ತಾದದ್ದು ಒಬ್ಬ ಕವಿಯ ದೆಸೆಯಿಂದ. ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ವಿಶ್ವಭಾರತಿಯ ಬಳಿ ಇತ್ತು, 1991ರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ಹಕ್ಕು ಹೋದರೆ ಯಾರು ಬೇಕಾದರೂ ಟಾಗೋರರನ್ನು ತಪ್ಪುತಪ್ಪಾಗಿ ಅಚ್ಚು ಹಾಕಿಯಾರು, ಹಾಡನ್ನು ಕೆಡಿಸಿಯಾರು ಎಂಬ ಆತಂಕ ಎದ್ದಿತು. ಅವಧಿ ಮುಗಿಯಲು ಇನ್ನೇನು ದಿನಗಳಷ್ಟೇ ಇರುವಾಗ ಸುಗ್ರೀವಾಜ್ಞೆ ಬಂತು. 1992ರ ತಿದ್ದುಪಡಿ ಕಾಯ್ದೆ 1991ರ ಡಿಸೆಂಬರ್ 28ರಿಂದಲೇ ಜಾರಿಗೆ ಬಂದಿದೆ ಎಂದು ಭಾವಿಸಬೇಕೆಂದಿತು. ಟಾಗೋರರ ಕೃತಿಗಳು ಹೀಗೆ 2001ರ ಕೊನೆಯವರೆಗೆ ವಿಶ್ವಭಾರತಿಯಲ್ಲೇ ಉಳಿದವು.

ಆದರೆ ಕಾಯ್ದೆ ಟಾಗೋರರೊಬ್ಬರಿಗೆ ಎಂದು ಬರೆಯಲಾಗುವುದಿಲ್ಲವಲ್ಲ. ದೇಶದ ಎಲ್ಲ ಭಾಷೆಗಳ ಲೇಖಕರಿಗೂ ಅದು ತಟ್ಟಿತು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು 1988ರ ಹೊಸ ವರ್ಷದಂದೇ ಬಿಡುಗಡೆಯಾಗಿದ್ದವು, ಅವು ಹಿಂದಕ್ಕೆ ಹೋಗಲಿಲ್ಲ. 1942ರಲ್ಲಿ ತೀರಿಕೊಂಡ ಗಳಗನಾಥರು ಮಾತ್ರ ಸಿಕ್ಕಿಕೊಂಡರು. ಇನ್ನೊಂದು ವರ್ಷದಲ್ಲಿ ಎಲ್ಲರ ಕೈಗೆ ಬರಬೇಕಿದ್ದ ಅವರ ಕಾದಂಬರಿಗಳು 2003ರವರೆಗೆ ಕಾದವು. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ 1997ರ ಬದಲು 2007ರಲ್ಲಿ ಎಲ್ಲರವರಾದರು. ಕನ್ನಡದಲ್ಲಿ ಹೊಸ ಮುದ್ರಣವನ್ನೇ ಕಾಣದ ಪುಸ್ತಕಗಳಿಗೂ ಹತ್ತು ವರ್ಷದ ಬೀಗ ಬಿತ್ತು. ಆ ಬೀಗದಿಂದ ಯಾರ ಮನೆಗೂ ಒಂದು ರೂಪಾಯಿ ಗೌರವಧನ ಹೋಗಲಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದಾರೆ. 1910ರಲ್ಲಿ ಫೀನಿಕ್ಸ್ ಆಶ್ರಮದಿಂದ ಬಂದ ‘ಹಿಂದ್ ಸ್ವರಾಜ್’ ಇಂಗ್ಲಿಷ್ ಆವೃತ್ತಿಯ ಮೇಲೆ ಗಾಂಧೀಜಿ ಯಾವ ಹಕ್ಕನ್ನೂ ಕಾದಿರಿಸಿಲ್ಲ ಎಂದೇ ಅಚ್ಚು ಹಾಕಿಸಿದ್ದರು. ಮುಂದೆ ಅವರ ಬರಹಗಳ ಹಕ್ಕು ನವಜೀವನ ಟ್ರಸ್ಟಿಗೆ ಹೋಯಿತು. 2008ರ ಕೊನೆಗೆ ಅವಧಿ ಮುಗಿಯುತ್ತಾ ಬಂದಾಗ ಟ್ರಸ್ಟು ವಿಸ್ತರಣೆ ಕೇಳಲಿಲ್ಲ. ತಮಿಳಿನ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಮದ್ರಾಸ್ ಸರ್ಕಾರ 1949ರಲ್ಲಿ ತಾನೇ ಪಡೆದುಕೊಂಡು ಮುಂದೆ ಜನರಿಗೆ ಬಿಟ್ಟುಕೊಟ್ಟಿತು. ಆಮೇಲೆ ಲೇಖಕರ ವಾರಸುದಾರರಿಗೆ ಹಣ ಕೊಟ್ಟು ಕೃತಿಗಳನ್ನು ನಾಡಿನ ಸ್ವತ್ತು ಮಾಡುವುದು ತಮಿಳುನಾಡಿನಲ್ಲಿ ರೂಢಿಯಾಯಿತು.

ಕನ್ನಡದಲ್ಲಿ ಅಂಥ ಹೆಜ್ಜೆ ಒಂದು ಕುಟುಂಬದಿಂದ ಬಂತು. ‘ಚಿರಸ್ಮರಣೆ’ಯ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು 2014ರಲ್ಲಿ ಅವರ ಹಕ್ಕುದಾರರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಲೇಖಕರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳೂ ಅದೇ ವರ್ಷ ಈ ಹಾದಿಗೆ ಬಂದವು.

ಸ್ಕ್ಯಾನರ್ ಬಂದ ಮೇಲೆ

2000ದ ದಶಕದ ಆರಂಭದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕಗಳನ್ನು ಡಿಜಿಟಲ್ ಮಾಡುವ ಯೋಜನೆ ಹಾಕಿದರು. ಅದರ ಭಾರತದ ಭಾಗವೇ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಐಐಐಟಿ ಮುಂತಾದೆಡೆ ಕೆಲಸ ನಡೆಯಿತು. ಪುಟಗಳು ಬಿಟ್ಟುಹೋಗಿದ್ದವು, ಕೆಲವು ಓರೆಯಾಗಿದ್ದವು, ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಗುರುತು ಸಿಗದ ಹಾಗೆ ಬರೆದಿದ್ದರು. ಆದರೂ ಕನ್ನಡ ಗ್ರಂಥಾಲಯವಿಲ್ಲದ ಊರಿನ ಓದುಗರಿಗೆ ಅದೊಂದು ನಿಧಿ. ಹಕ್ಕು ಮುಗಿದ ಪುಸ್ತಕದ ಜೊತೆಗೆ ಮುಗಿಯದವೂ ಅಲ್ಲಿ ಸೇರಿಕೊಂಡಿದ್ದವು. 2010ರ ದಶಕದ ಉತ್ತರಾರ್ಧದಲ್ಲಿ ಹಕ್ಕುಸ್ವಾಮ್ಯದ ಆಕ್ಷೇಪಗಳ ನಡುವೆ ಆ ತಾಣದ ಬಾಗಿಲು ಮುಚ್ಚಿತು. ಅದರ ಪ್ರತಿಗಳು ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದವು. ಇಂದು ಹಳೆಯ ಕನ್ನಡ ಪುಸ್ತಕ ಹುಡುಕುವವರು ಮೊದಲು ಹೋಗುವುದು ಅಲ್ಲಿಗೇ.

ಇಲ್ಲಿ ಗಡಿಯ ತೊಡಕೂ ಇದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು ಭಾರತದಲ್ಲಿ 2024ರಿಂದ ಮುಕ್ತ. ತೀರಿಕೊಂಡ ಮೇಲೆ ಪ್ರಕಟವಾದವಕ್ಕೆ ಮಾತ್ರ ಪ್ರಕಟಣೆಯ ವರ್ಷದಿಂದ ಅರವತ್ತು ಎಣಿಸಬೇಕು. ಅಮೆರಿಕದ ಲೆಕ್ಕವೇ ಬೇರೆ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿಸಿಕೊಂಡಿದ್ದ ಪುಸ್ತಕಕ್ಕೆ ಅಲ್ಲಿ ಪ್ರಕಟಣೆಯಿಂದ ತೊಂಬತ್ತೈದು ವರ್ಷದ ರಕ್ಷಣೆ ಸಿಗುತ್ತದೆ. 1955ರಲ್ಲಿ ಅಚ್ಚಾದ ತ್ರಿವೇಣಿಯವರ ಕಾದಂಬರಿಯೊಂದು ಮೈಸೂರಿನಲ್ಲಿ ಮುಕ್ತ, ಕ್ಯಾಲಿಫೋರ್ನಿಯಾದಲ್ಲಿ 2050ರ ಕೊನೆಯವರೆಗೆ ಅಲ್ಲ. ಅಂತರ್ಜಾಲಕ್ಕೆ ಗಡಿ ಇಲ್ಲ ಎನ್ನುತ್ತೇವೆ, ಆದರೆ ಪುಸ್ತಕ ಕುಳಿತಿರುವ ಸರ್ವರಿಗೆ ಒಂದು ದೇಶವಿದೆ. 1917ರ ‘ಗತವೈಭವ’ಕ್ಕೆ ಎರಡೂ ಕಡೆ ತೊಂದರೆಯಿಲ್ಲ.

ಮುಕ್ತವಾದ ಪುಸ್ತಕದಲ್ಲೂ ಎಲ್ಲವೂ ಮುಕ್ತವಲ್ಲ. ನೆಹರೂ ಅವರ ಇಂಗ್ಲಿಷ್ ಪಠ್ಯ ಎಲ್ಲರದು, ಅದರ ಕನ್ನಡ ಅನುವಾದದ ಹಕ್ಕು ಅನುವಾದಕರ ಆಯುಷ್ಯವನ್ನು ಹಿಡಿದು ನಡೆಯುತ್ತದೆ. ಹನ್ನೆರಡನೆಯ ಶತಮಾನದ ವಚನಗಳಿಗೆ ಯಾರೂ ಒಡೆಯರಲ್ಲ. ಆದರೆ ಈಚಿನ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳು ಅವರವೇ. ‘ವಚನ ಸಂಚಯ’ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಲು ಸಾಧ್ಯವಾಗಿರುವುದಕ್ಕೆ ಮೂಲಕ್ಕೆ ಯಾರ ಬೇಲಿಯೂ ಇಲ್ಲದಿರುವುದು ಒಂದು ಕಾರಣ.

ನಡುವೆ ಸಿಕ್ಕಿಕೊಂಡ ಪುಸ್ತಕಗಳು

ಹಕ್ಕು ಮುಗಿದ ಪುಸ್ತಕಕ್ಕೆ ದಾರಿಯಿದೆ. ಅಂಗಡಿಯಲ್ಲಿ ಸಿಗುವ ಪುಸ್ತಕಕ್ಕೆ ಹಣ ಕೊಟ್ಟರಾಯಿತು. ನಿಜವಾದ ಕಷ್ಟ ಇವೆರಡರ ನಡುವಿನವುಗಳದು. 1940ರಿಂದ 1980ರವರೆಗೆ ಸಣ್ಣ ಊರುಗಳ ಪ್ರಕಾಶಕರು ಸಾವಿರ ಪ್ರತಿ ಅಚ್ಚು ಹಾಕಿ ಮಾರಿದ ಕಥೆ, ನಾಟಕ, ಪ್ರವಾಸ, ಸ್ಥಳಪುರಾಣಗಳು ಅಲ್ಲಿವೆ. ಪ್ರಕಾಶನ ಮುಚ್ಚಿದೆ, ಲೇಖಕರಿಲ್ಲ, ಮಕ್ಕಳು ಮೊಮ್ಮಕ್ಕಳು ಮುಂಬಯಿಯಲ್ಲೋ ಹೊರದೇಶದಲ್ಲೋ ಇದ್ದಾರೆ. ಹಕ್ಕು ತಮ್ಮದೆಂಬುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ಆ ಕಾಲದ ಅಗ್ಗದ ಕಾಗದ ಮಾತ್ರ ಯಾರಿಗೂ ಕಾಯುವುದಿಲ್ಲ. ಹಳದಿಯಾಗಿ, ಮುಟ್ಟಿದರೆ ಮುರಿಯುತ್ತದೆ.

ಕಾಯ್ದೆ ಇದನ್ನು ಪೂರ್ತಿ ಮರೆತಿಲ್ಲ. ಲೇಖಕರು ಪತ್ತೆಯಾಗದಿದ್ದರೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಪರವಾನಗಿ ಕೇಳಲು ಅವಕಾಶವಿದೆ. ಮೊದಲು ಆ ಅರ್ಜಿ ಕಾಪಿರೈಟ್ ಮಂಡಳಿಗೆ ಹೋಗುತ್ತಿತ್ತು, 2017ರಲ್ಲಿ ಅದರ ಕೆಲಸ ಬೇರೊಂದು ಮೇಲ್ಮನವಿ ಮಂಡಳಿಗೆ ಹೋಯಿತು, 2021ರಲ್ಲಿ ಅದೂ ರದ್ದಾಗಿ ಇಂಥ ವ್ಯಾಜ್ಯಗಳು ನ್ಯಾಯಾಲಯಕ್ಕೆ ಬಂದವು. ನೂರು ಪುಟದ ಒಂದು ಹಳೆಯ ನಾಟಕಕ್ಕಾಗಿ ಇಷ್ಟು ಅಲೆಯುವವರು ಅಪರೂಪ. 2012ರ ತಿದ್ದುಪಡಿ ಇನ್ನೆರಡು ಬಾಗಿಲು ತೆರೆಯಿತು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು, ಲೋಕಕ್ಕೆಲ್ಲ ಹಂಚುವಂತಿಲ್ಲ. ಅಂಧರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಒದಗಿಸಲು ಅನುಮತಿ ಬೇಡ ಎಂಬುದು ಎರಡನೆಯದು. ಇದೇ ಆಶಯದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ.

ಅದೇ ತಿದ್ದುಪಡಿಯಲ್ಲಿ ಲೇಖಕರ ಮನೆಯವರು ತಿಳಿದಿರಬೇಕಾದ ಒಂದು ಮಾತೂ ಇದೆ. ಹಕ್ಕು ಬರೆದುಕೊಡುವಾಗ ಇಲ್ಲದಿದ್ದ ಅಥವಾ ವ್ಯಾಪಾರಕ್ಕೆ ಬಳಕೆಯಾಗದಿದ್ದ ಮಾಧ್ಯಮಕ್ಕೆ, ಅದರ ಹೆಸರು ಹೇಳಿ ಬರೆದಿರದಿದ್ದರೆ, ಆ ಒಪ್ಪಂದ ಅನ್ವಯಿಸುವುದಿಲ್ಲ. ಪುಸ್ತಕ ಮುದ್ರಿಸಲು ಪ್ರಕಾಶಕರಿಗೆ ಕೊಟ್ಟ ಕಾಗದವನ್ನೇ ಮುಂದೆ ಹುಟ್ಟುವ ಪ್ರತಿಯೊಂದು ಮಾಧ್ಯಮಕ್ಕೂ ಎಳೆಯಲಾಗದು ಎಂಬುದು ಅದರ ತಿರುಳು.

ಹಾಗೆಂದು ಹಕ್ಕುಸ್ವಾಮ್ಯವೇ ಬೇಡ ಎನ್ನಲಾಗದು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದವರು. ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು, ಅಚ್ಚುಕೂಟಕ್ಕಾಗಿ ಸ್ವಂತ ಮನೆ ಮಾರಿದರು. ಬರೆದವರಿಗೆ ಬರಹದಿಂದ ಅನ್ನ ಹುಟ್ಟಬೇಕು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ವಾದ ಬೇಡ. ಇಂದು ಬದುಕಿರುವ ಲೇಖಕರ ಪುಸ್ತಕದ ಪಿಡಿಎಫ್ ಬಿಡುಗಡೆಯಾದ ವಾರದಲ್ಲೇ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದರೆ ಸಾವಿರ ಪ್ರತಿಯ ಮಾರುಕಟ್ಟೆಯಲ್ಲಿ ಅದು ಸಣ್ಣ ನಷ್ಟವಲ್ಲ. ಪ್ರಶ್ನೆ ಇರುವುದು ಅರವತ್ತು ವರ್ಷದ ಉದ್ದದಲ್ಲಿ, ಮತ್ತು ಯಾರಿಗೂ ಹಣ ತಾರದ ಪುಸ್ತಕವನ್ನೂ ಹಣ ತರುವ ಪುಸ್ತಕದ ಬೀಗದಲ್ಲೇ ಇಡುವುದರಲ್ಲಿ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟು ಹೇಳಿದ್ದರ ಸಾರವೂ ಇದಕ್ಕೆ ಹತ್ತಿರದ್ದು: ಕಾಪಿರೈಟು ಹುಟ್ಟಿನಿಂದ ಬಂದ ಹಕ್ಕಲ್ಲ, ಜ್ಞಾನ ಬೆಳೆಯಲೆಂದು ಸಮಾಜ ಮಾಡಿಕೊಂಡ ಏರ್ಪಾಡು.

ಮುಂದಿನ ಕ್ಯಾಲೆಂಡರ್ ಈಗಲೇ ಬರೆದಿಡಬಹುದು. ಕಾಯ್ದೆ ಮತ್ತೆ ಬದಲಾಗದಿದ್ದರೆ 2029ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿ ಮತ್ತು ಕಡೆಂಗೋಡ್ಲು ಶಂಕರಭಟ್ಟರು, 2032ರಲ್ಲಿ ಅ.ನ. ಕೃಷ್ಣರಾಯರು, 2036ರಲ್ಲಿ ಡಿವಿಜಿ, 2042ರಲ್ಲಿ ಬೇಂದ್ರೆ, 2047ರಲ್ಲಿ ಮಾಸ್ತಿ, 2055ರಲ್ಲಿ ಕುವೆಂಪು, 2058ರಲ್ಲಿ ಕಾರಂತರು ಎಲ್ಲರವರಾಗುತ್ತಾರೆ. ಇವರೆಲ್ಲ ಮರುಮುದ್ರಣ ಕಾಣುವ ಲೇಖಕರು, ಅಲ್ಲಿಯವರೆಗೂ ಉಳಿಯುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರ ಪುಸ್ತಕ ಉಳಿಯಬೇಕಾದರೆ ಕಾನೂನಿಗಿಂತ ಮೊದಲು ಅವರ ಮನೆಯವರು ಮನಸ್ಸು ಮಾಡಬೇಕು. ನಿರಂಜನರ ಮನೆಯವರು ಮಾಡಿದಂತೆ ಒಂದು ಪತ್ರ ಬರೆದುಕೊಟ್ಟರೆ ಸಾಕು. ಅಜ್ಜ ಬರೆದ ಪುಸ್ತಕದ ಕೊನೆಯ ಪ್ರತಿ ಅಟ್ಟದ ಮೇಲಿರುವ ಮನೆಗಳು ಧಾರವಾಡದಲ್ಲಿವೆ, ಮಾಟುಂಗದಲ್ಲೂ ಇವೆ.