ಕಂಟೈನರ್ ಪೋರ್ಟ್‌ಗಳ ಭದ್ರತೆ: ಪೀಣ್ಯದ ಕಾರ್ಖಾನೆ ಜಾಲದ ನೆಲೆಯಿಂದ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬರೆದ ತಂತ್ರಾಂಶ ಕಂಟೈನರ್ ರೂಪದಲ್ಲಿ ಪೀಣ್ಯದ ಕಾರ್ಖಾನೆಯ ಸರ್ವರ್ ಸೇರಿದಾಗ, ಉತ್ಪಾದನೆಯ ಲೆಕ್ಕವೂ ಡೇಟಾಬೇಸೂ ಒಂದೇ ಲಿನಕ್ಸ್ ಯಂತ್ರದ ಮೇಲೆ ಓಡತೊಡಗುತ್ತವೆ. ಅಂಥ ಸರ್ವರ್‌ನ ಯಾವ ಪೋರ್ಟ್ ಯಾರಿಗೆ ತೆರೆದಿದೆ ಎಂಬುದು ಫೈರ್‌ವಾಲ್ ಪಟ್ಟಿಯಿಂದ ತಿಳಿಯದು. ಪಕ್ಕದ ಯಂತ್ರದಿಂದ ಪರೀಕ್ಷಿಸಿಯೇ ತಿಳಿಯಬೇಕು ಎಂಬುದು ಇಲ್ಲಿನ ವಾದ.

ಉಬುಂಟು ಲಿನಕ್ಸ್‌ನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಒಳಬರುವ ಸಂಪರ್ಕಗಳನ್ನು ಇನ್‌ಪುಟ್ ಸರಪಳಿಯಲ್ಲಿ ತಡೆಯುತ್ತದೆ. ಆದರೆ ಕಂಟೈನರ್‌ಗಳನ್ನು ಓಡಿಸುವ ಡಾಕರ್, ಪೋರ್ಟ್ ಪ್ರಕಟಿಸಿದೊಡನೆ ನ್ಯಾಟ್ ಕೋಷ್ಟಕದಲ್ಲಿ ನಿಯಮ ಬರೆದು, ಪ್ಯಾಕೆಟ್ ಸೇರಬೇಕಾದ ವಿಳಾಸವನ್ನು ಮೊದಲೇ ಬದಲಿಸಿಬಿಡುತ್ತದೆ. ಆ ಪ್ಯಾಕೆಟ್ ಫಾರ್ವರ್ಡ್ ಸರಪಳಿಯ ಮೂಲಕ ಕಂಟೈನರ್ ಸೇರುತ್ತದೆ, ಇನ್‌ಪುಟ್ ಸರಪಳಿಯನ್ನು ಮುಟ್ಟುವುದೇ ಇಲ್ಲ. ಹೀಗಾಗಿ ನಿರ್ವಾಹಕರು 5432 ಪೋರ್ಟನ್ನು ಮುಚ್ಚಿದ್ದರೂ ಅದನ್ನು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜಾಲಕ್ಕೆಲ್ಲ ತೆರೆದಿರಬಹುದು. ವಿಳಾಸ ನಮೂದಿಸದಿದ್ದರೆ ಡಾಕರ್ 0.0.0.0 ಎಂದೇ, ಅಂದರೆ ಯಂತ್ರದ ಎಲ್ಲ ಜಾಲಸಂಪರ್ಕಗಳು ಎಂದೇ ತಿಳಿಯುತ್ತದೆ.

ಪೋರ್ಟನ್ನು ಯಂತ್ರದೊಳಗಿನ ವಿಳಾಸವಾದ 127.0.0.1ಕ್ಕೆ ಸೀಮಿತಗೊಳಿಸುವುದು ಸರಿಯಾದ ಮೊದಲ ಹೆಜ್ಜೆ. ಆದರೆ ಡಾಕರ್ 28ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಅದೇ ಸ್ವಿಚ್‌ಗೆ ಸೇರಿದ ಇನ್ನೊಂದು ಯಂತ್ರ ಈ ಪೋರ್ಟನ್ನೂ ತಲುಪಬಲ್ಲದು. ಸಣ್ಣ ಕಾರ್ಖಾನೆಗೆ ಇದು ಗಂಭೀರ ವಿಷಯ. ಕಚೇರಿಯ ಕಂಪ್ಯೂಟರ್, ಸರ್ವರ್, ಉತ್ಪಾದನಾ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಮೂರೂ ಒಂದೇ ಸ್ವಿಚ್‌ನಲ್ಲಿದ್ದರೆ, ಲೆಕ್ಕಪತ್ರ ವಿಭಾಗದ ಕಂಪ್ಯೂಟರ್‌ಗೆ ನುಸುಳಿದ ಕುತಂತ್ರಾಂಶಕ್ಕೆ ದಾರಿ ತೆರೆದಂತೆಯೇ. ಪಿಎಲ್‌ಸಿ ಬಳಸುವ ಮಾಡ್‌ಬಸ್ ಸಂವಹನ ವಿಧಾನದ 502 ಪೋರ್ಟ್ ಕೇಳಿದವರ ಗುರುತನ್ನು ವಿಚಾರಿಸುವುದೇ ಇಲ್ಲ. ಓಡುತ್ತಿರುವ ಸರ್ವರ್ ನಿಲ್ಲಿಸಲು ಉತ್ಪಾದನಾ ವಿಭಾಗ ಹಿಂಜರಿಯುವುದು ಸಹಜ. ಆ ಹಿಂಜರಿಕೆಯಲ್ಲೇ ಡಾಕರ್‌ನ ಹಳೆಯ ಆವೃತ್ತಿ ಉಳಿದುಬಿಡುತ್ತದೆ.

ಡಾಕರ್‌ನ ಸ್ವಂತ ನಿಯಂತ್ರಣ ಪೋರ್ಟ್ 2375ರ ಬಗ್ಗೆ ರಾಜಿ ಸಲ್ಲದು. ಗೂಢಲಿಪಿಯಾಗಲಿ ಗುರುತಿನ ಪರೀಕ್ಷೆಯಾಗಲಿ ಇಲ್ಲದ ಈ ಬಾಗಿಲಿನಿಂದ ಬಂದವರಿಗೆ ಯಂತ್ರದ ರೂಟ್ ಅಧಿಕಾರವೇ ಸಿಗುತ್ತದೆ. 2019ರಲ್ಲಿ ಪತ್ತೆಯಾದ ಗ್ರಾಬಾಯ್ಡ್ ಹುಳು ಹೀಗೆ ತೆರೆದಿಟ್ಟ ಡಾಕರ್ ಯಂತ್ರಗಳ ಮೂಲಕವೇ ಹರಡಿ ಮೊನೆರೊ ನಾಣ್ಯ ಗಣಿಗಾರಿಕೆ ನಡೆಸಿತು. ದೂರನಿರ್ವಹಣೆಗೆ ಎಸ್‌ಎಸ್‌ಎಚ್, ಇಲ್ಲವೇ ಎರಡೂ ಕಡೆ ಪ್ರಮಾಣಪತ್ರ ಬೇಡುವ 2376 ಮಾತ್ರ ಇರಲಿ.

ಕಂಟೈನರ್ ಪೋರ್ಟ್‌ಗಳ ತಡೆಗಳನ್ನು ಫಾರ್ವರ್ಡ್ ಹಾದಿಯಲ್ಲಿರುವ ಡಾಕರ್-ಯೂಸರ್ ಸರಪಳಿಯಲ್ಲಿ ಬರೆಯಬೇಕು. ಪ್ಯಾಕೆಟ್ ಅಲ್ಲಿಗೆ ಬರುವಷ್ಟರಲ್ಲಿ ಪೋರ್ಟ್ ಸಂಖ್ಯೆ ಕಂಟೈನರ್‌ನದಾಗಿರುತ್ತದೆ. ಮೂಲ ಸಂಖ್ಯೆ ಬೇಕಿದ್ದರೆ ಸಂಪರ್ಕಗಳ ಜಾಡು ಇಡುವ ಕಾನ್‌ಟ್ರ್ಯಾಕ್ ಮೂಲಕ ಹೊಂದಿಸಬೇಕು. ಪಿಎಲ್‌ಸಿಗಳಿಗೆ ಪ್ರತ್ಯೇಕ ವಿಎಲ್‌ಎಎನ್ (ಸ್ವಿಚ್‌ನೊಳಗೇ ಬೇರ್ಪಡಿಸಿದ ಜಾಲ) ಬೇಕು. ಲಾಗ್ ನಿಯಮವನ್ನೂ ಇದೇ ಸರಪಳಿಯಲ್ಲಿಡುವುದು ಒಳಿತು, ಏಕೆಂದರೆ ಕೆಲವು ಸಂರಚನೆಗಳಲ್ಲಿ ಕಂಟೈನರ್‌ನ ಒಳಗಿನ ದಾಖಲೆಯಲ್ಲಿ ದಾಳಿಕೋರನ ಬದಲು ಡಾಕರ್‌ನ ಒಳಜಾಲದ ಸೇತುವೆಯ ವಿಳಾಸ ಮಾತ್ರ ಕಾಣುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವು ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕೆಂದೂ ಹೇಳುತ್ತದೆ. ಸೇತುವೆಯ ವಿಳಾಸವಷ್ಟೇ ಇರುವ ಲಾಗ್ ಅಂಥ ವರದಿಗೆ ಉಪಯೋಗಕ್ಕೆ ಬಾರದು.